ಗುದ್ದಲಿ ಹಿಡಿದ ಕೈಯ ಭರವಸೆ

(ಮೊಹಲ್ಲಾದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಎಷ್ಟು ಓದಿದರೇನು, ನಮ್ಮವರಿಗೆ ಯಾರು ಕೆಲಸ ಕೊಡುತ್ತಾರೆ?" ದಿನವಿಡೀ ದುಡಿದು ದಣಿದು ಬಂದ ತಂದೆ ಊಟಕ್ಕೆ ಕುಳಿತಾಗ ಈ ಮಾತು ಹೊರಡುತ್ತದೆ. ಅದನ್ನು ನಾವು ಮಗನಿಗೆಂದು ಹೇಳಿರುವುದಿಲ್ಲ. ಆದರೆ ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕುಳಿತ ಹತ್ತನೇ ತರಗತಿಯ ಹುಡುಗ ಅದನ್ನು ಕೇಳಿಸಿಕೊಳ್ಳುತ್ತಾನೆ. ಪರೀಕ್ಷೆಯಲ್ಲಿ ಅನುತ್ತೀರ್ಣನಾಗುವುದಕ್ಕೆ ಅವನಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕಾಗುವುದಿಲ್ಲ.

ಆ ಮಾತು ಸಂಪೂರ್ಣ ಸುಳ್ಳೆಂದು ನಾವು ವಾದಿಸುತ್ತಿಲ್ಲ. ಬಾಡಿಗೆ ಮನೆಗಾಗಿ ಅಲೆದವರಿಗೆ, ಹೆಸರು ಕೇಳಿದೊಡನೆ ಎದುರಿದ್ದವರ ಮುಖಭಾವ ಬದಲಾದುದನ್ನು ಕಂಡವರಿಗೆ ತಾರತಮ್ಯವೆಂದರೇನೆಂದು ವಿವರಿಸಬೇಕಾಗಿಲ್ಲ. 2006ರ ನವೆಂಬರ್‌ನಲ್ಲಿ ಸಲ್ಲಿಕೆಯಾದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ ಅದನ್ನು ಅಂಕಿ ಅಂಶಗಳಲ್ಲಿ ದಾಖಲಿಸಿತು. ಐಎಎಸ್‌ನಲ್ಲಿ ಮುಸ್ಲಿಮರು ಶೇ. 3, ಐಪಿಎಸ್‌ನಲ್ಲಿ ಶೇ. 4, ವಿದೇಶಾಂಗ ಸೇವೆಯಲ್ಲಿ ಶೇ. 1.8. ಈ ಅಂಕಿಗಳನ್ನು ನಮ್ಮ ವೇದಿಕೆಗಳಲ್ಲಿ ಎಷ್ಟು ಬಾರಿ ಉಚ್ಚರಿಸಲಾಗಿದೆಯೆಂದರೆ, ಅವು ನಮಗೆ ಬಾಯಿಪಾಠವಾಗಿವೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಅದನ್ನು ಉಚ್ಚರಿಸುವವರು ವಿರಳ. ನಾಗರಿಕ ಸೇವಾ ಪರೀಕ್ಷೆಗೆ ಕುಳಿತ ಮುಸ್ಲಿಮರ ಪ್ರಮಾಣವೇ ಜನಸಂಖ್ಯೆಯಲ್ಲಿ ಅವರಿಗಿರುವ ಪಾಲಿಗಿಂತ ಬಹಳ ಕಡಿಮೆಯಾಗಿತ್ತು. ಆದರೆ ಕುಳಿತವರ ಯಶಸ್ಸಿನ ಪ್ರಮಾಣ ಹೆಚ್ಚುಕಡಿಮೆ ಇತರರಷ್ಟೇ ಇತ್ತು. ಇದರರ್ಥವೇನು? ಬಾಗಿಲು ಮುಚ್ಚಿದ್ದ ಕಡೆ ಮುಚ್ಚಿತ್ತು, ನಿಜ. ಆದರೆ ಈ ಬಾಗಿಲನ್ನು ನಮ್ಮಲ್ಲಿ ಬಹುಮಂದಿ ತಟ್ಟಿಯೇ ಇರಲಿಲ್ಲ. ಬಡತನದಿಂದ, ಶಾಲೆಯ ಕೊರತೆಯಿಂದ ತಟ್ಟದವರಿದ್ದಾರೆ. ಅದಕ್ಕೆ ಆಳುವವರು ಉತ್ತರ ಕೊಡಬೇಕು. ಮನೆಯ ಊಟದ ಹೊತ್ತಿನ ಮಾತು ಕೇಳಿಯೇ ತಟ್ಟದೆ ಉಳಿದವರ ಬಗ್ಗೆ ಉತ್ತರಿಸಬೇಕಾದವರು ನಾವು.

ಇಸ್ಲಾಮಿನ ಪೂರ್ವದ ಅರಬರಲ್ಲಿ ಒಂದು ಪದ್ಧತಿಯಿತ್ತು. ಪ್ರಯಾಣ ಹೊರಡುವ ಮುನ್ನ ಹಕ್ಕಿಯನ್ನು ಹಾರಿಸಿ ನೋಡುತ್ತಿದ್ದರು. ಅದು ಬಲಕ್ಕೆ ಹಾರಿದರೆ ಶುಭ, ಎಡಕ್ಕೆ ಹಾರಿದರೆ ಅಪಶಕುನ. ಹೊರಟವನು ಮನೆಗೆ ಮರಳುತ್ತಿದ್ದ. ಪ್ರವಾದಿವರ್ಯರು(ಸ) ಇದನ್ನು ನಿಷೇಧಿಸಿದರು. ಅದೇ ವೇಳೆ, ಮನಸ್ಸಿಗೆ ಧೈರ್ಯ ತುಂಬುವ ಒಳ್ಳೆಯ ಮಾತನ್ನು ತಾವು ಮೆಚ್ಚುವುದಾಗಿಯೂ ತಿಳಿಸಿದರು. ಹುದೈಬಿಯಾದಲ್ಲಿ ಸಂಧಾನಕ್ಕಾಗಿ ಕುರೈಶರ ಪರವಾಗಿ ಸುಹೈಲ್ ಬಿನ್ ಅಮ್ರ್ ಬರುತ್ತಿದ್ದಾರೆಂದು ತಿಳಿದಾಗ, ಸರಳ ಎಂಬ ಅರ್ಥವನ್ನು ಹೊತ್ತ ಆ ಹೆಸರನ್ನೇ ಹಿಡಿದು, ವಿಷಯ ಸುಲಭವಾಯಿತೆಂದು ಅನುಚರರಿಗೆ ಸಾಂತ್ವನ ಹೇಳಿದರು. ನಾವು ಹಕ್ಕಿ ಹಾರಿಸುವುದನ್ನು ಬಿಟ್ಟಿದ್ದೇವೆ. ಆದರೆ ಬೆಳಗಾದೊಡನೆ ಮೊಬೈಲಿನಲ್ಲಿ ಬಂದು ಬಿದ್ದ ವಿಡಿಯೋ ನೋಡಿ, ಇಂದಿನ ದಿನ ಹೇಗೆಂದು ನಿರ್ಧರಿಸಿಬಿಡುತ್ತೇವೆ. ಯಾವುದೋ ಊರಿನ, ಯಾವುದೋ ವರ್ಷದ ದೃಶ್ಯ. ನಿಜವೋ ಸುಳ್ಳೋ ವಿಚಾರಿಸದೆ ಹತ್ತು ಮಂದಿಗೆ ಕಳುಹಿಸಿ, ಹನ್ನೊಂದು ಮನೆಗಳ ಮನೋಬಲವನ್ನು ಕೆಡಿಸಿ ನಂತರ ಕೆಲಸಕ್ಕೆ ಹೊರಡುತ್ತೇವೆ.

ಹಾಗಾದರೆ ಆಶಾವಾದವೆಂದರೆ ಕಣ್ಣು ಮುಚ್ಚಿಕೊಳ್ಳುವುದೇ? ವ್ಯಕ್ತಿತ್ವ ವಿಕಸನದ ಹೆಸರಿನಲ್ಲಿ ಕೆಲವರು ಅದನ್ನೇ ಮಾರುತ್ತಿದ್ದಾರೆ. ಕನ್ನಡಿಯೆದುರು ನಿಂತು, ನಾನು ಗೆಲ್ಲುತ್ತೇನೆ ಎಂದು ಹತ್ತು ಸಲ ಹೇಳಿಕೊಳ್ಳಬೇಕಂತೆ. ಶುಲ್ಕ ತೆತ್ತು ಬಂದವನಿಗೆ ಎರಡು ದಿನ ಉತ್ಸಾಹವಿರುತ್ತದೆ. ನಮಗೆ ಖಂದಕ್‌ನ ಚರಿತ್ರೆ ಬೇರೆಯೇ ದಾರಿ ತೋರಿಸುತ್ತದೆ.

ಹಿಜರಿ 5, ಅಂದರೆ ಕ್ರಿ.ಶ. 627. ಸುಮಾರು ಹತ್ತು ಸಾವಿರದಷ್ಟಿದ್ದ ಮೈತ್ರಿ ಸೇನೆ ಮದೀನಾದತ್ತ ಹೊರಟಿತ್ತು. ಮುಸ್ಲಿಮರ ಸಂಖ್ಯೆ ಮೂರು ಸಾವಿರದ ಆಸುಪಾಸು. ಪರ್ಶಿಯಾದಿಂದ ಬಂದಿದ್ದ ಸಲ್ಮಾನ್ ಫಾರ್ಸಿ(ರ) ಕಂದಕ ತೋಡುವ ಸಲಹೆಯಿತ್ತರು. ಪ್ರತಿ ಹತ್ತು ಮಂದಿಗೆ ನಲವತ್ತು ಮೊಳದಂತೆ ಕೆಲಸ ಹಂಚಲಾಯಿತೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಚಳಿ, ಹಸಿವು, ಹೊಟ್ಟೆಗೆ ಕಲ್ಲು ಕಟ್ಟಿಕೊಂಡು ದುಡಿಯುವ ಸ್ಥಿತಿ. ಆಗ ಒಂದು ಬಂಡೆ ಎದುರಾಯಿತು, ಯಾರಿಂದಲೂ ಒಡೆಯಲಾಗಲಿಲ್ಲ. ಪ್ರವಾದಿವರ್ಯರು(ಸ) ಸ್ವತಃ ಗುದ್ದಲಿ ಹಿಡಿದು ಕಂದಕಕ್ಕೆ ಇಳಿದರು. ಮೂರು ಏಟುಗಳಲ್ಲಿ ಬಂಡೆ ಒಡೆಯಿತು. ಒಂದೊಂದು ಏಟಿಗೂ ಅವರು ಸಿರಿಯಾ, ಪರ್ಶಿಯಾ ಹಾಗೂ ಯಮನ್‌ಗಳ ಬಾಗಿಲು ತೆರೆಯುವ ಶುಭವಾರ್ತೆ ನೀಡಿದರು. ಕಪಟವಿಶ್ವಾಸಿಗಳು ನಕ್ಕರು: ಇಲ್ಲಿ ನಿಶ್ಚಿಂತೆಯಿಂದ ಬಹಿರ್ದೆಸೆಗೂ ಹೋಗಲಾಗುತ್ತಿಲ್ಲ, ಇವರು ಕಿಸ್ರಾನ ಭಂಡಾರದ ಮಾತಾಡುತ್ತಿದ್ದಾರೆ!

ಆ ನಗೆಯನ್ನು ಗಮನಿಸಿರಿ. ಅಂದಿನ ಲೆಕ್ಕಾಚಾರದಲ್ಲಿ ವಾಸ್ತವವಾದಿಗಳು ಅವರೇ ಆಗಿದ್ದರು. ಮುತ್ತಿಗೆ ಸುಳ್ಳಾಗಿರಲಿಲ್ಲ, ಹಸಿವೂ ಸುಳ್ಳಾಗಿರಲಿಲ್ಲ. ಆದರೆ ಶುಭವಾರ್ತೆ ನೀಡಿದ ನಾಯಕರು ಕಂದಕದ ದಡದಲ್ಲಿ ನೆರಳಿಗೆ ಕುಳಿತಿರಲಿಲ್ಲ, ಅವರ ಕೈಯಲ್ಲಿ ಗುದ್ದಲಿಯಿತ್ತು. ನಕ್ಕವರು ಏನೇನೋ ನೆಪ ಹೇಳಿ ಮನೆಗೆ ಮರಳುತ್ತಿದ್ದರು. ನಿರಾಶೆ ಮತ್ತು ಸೋಮಾರಿತನ ಎಷ್ಟು ಹತ್ತಿರದ ನೆಂಟರೆಂಬುದನ್ನು ನಮ್ಮ ಸಭೆಗಳಲ್ಲಿಯೂ ಕಾಣಬಹುದು. ಸಮುದಾಯದ ಭವಿಷ್ಯ ಮುಗಿಯಿತೆಂದು ಗಟ್ಟಿಯಾಗಿ ಹೇಳುವವರನ್ನು ಮರುದಿನ ಶಾಲಾ ಸಮಿತಿಯ ಕೆಲಸಕ್ಕೆ ಕರೆದರೆ ಬಿಡುವಿರುವುದಿಲ್ಲ.

ನಮ್ಮ ದೇಶದಲ್ಲಿಯೂ ಅಂತಹ ಉದಾಹರಣೆಗಳಿವೆ. 1857ರ ನಂತರ ದೆಹಲಿಯ ವಿನಾಶವನ್ನೂ ತನ್ನ ಬಂಧುಗಳ ಸಾವನ್ನೂ ಕಂಡ ಸರ್ ಸಯ್ಯಿದ್ ಅಹ್ಮದ್ ಖಾನ್ ದೇಶ ಬಿಟ್ಟು ಹೋಗುವ ಯೋಚನೆಗೂ ಬಂದಿದ್ದರು. ಹೋಗಲಿಲ್ಲ. 1875ರಲ್ಲಿ ಅಲಿಗಢದಲ್ಲಿ ಅವರು ಬಿತ್ತಿದ ಬೀಜ 1920ರಲ್ಲಿ ವಿಶ್ವವಿದ್ಯಾನಿಲಯವಾದಾಗ ಅದನ್ನು ನೋಡಲು ಅವರಿರಲಿಲ್ಲ. ನಮ್ಮ ಭಟ್ಕಳದ ಅಂಜುಮನ್ 1919ರಷ್ಟು ಹಳೆಯದು. ವೃತ್ತಿಯಿಂದ ವೈದ್ಯರಾಗಿದ್ದ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಬೆಂಗಳೂರಿನಲ್ಲಿ ಅಲ್ ಅಮೀನ್ ಆರಂಭಿಸಿದರು. ಕಾಲ ಅನುಕೂಲವಾಗಲಿ ಎಂದು ಇವರೆಲ್ಲ ಕಾಯುತ್ತಿದ್ದರೆ ಇಂದಿಗೂ ಕಾಯುತ್ತಲೇ ಇರಬೇಕಾಗಿತ್ತು.

ಇನ್ನೊಂದು ವಿಚಾರವನ್ನು ಸ್ಪಷ್ಟಪಡಿಸಬೇಕಾಗಿದೆ. ದುಃಖ ಬೇರೆ, ನಿರಾಶೆ ಬೇರೆ. ಪ್ರವಾದಿ ಯಾಕೂಬ್(ಅ) ಮಗನ ಅಗಲಿಕೆಯಲ್ಲಿ ಕಣ್ಣುಗಳು ಬೆಳ್ಳಗಾಗುವಷ್ಟು ದುಃಖಿಸಿದರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಆದರೆ ಅವರೇ ಉಳಿದ ಮಕ್ಕಳನ್ನು ಕರೆದು, ಯೂಸುಫ್ ಮತ್ತು ಆತನ ಸಹೋದರನನ್ನು ಹುಡುಕಲು ಕಳುಹಿಸುತ್ತಾರೆ, ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗಬೇಡಿರೆಂದು ಉಪದೇಶಿಸುತ್ತಾರೆ. ಹುಡುಕಲು ಹೊರಡಿರಿ ಎಂಬುದು ಮೊದಲು, ನಿರಾಶರಾಗಬೇಡಿರಿ ಎಂಬುದು ನಂತರ. ಆದ್ದರಿಂದ ಅಳುವ ಮಗುವಿಗೆ, ಈಮಾನ್ ದುರ್ಬಲವಾಗಿದೆ ಎಂದು ನಾವು ಗದರಬಾರದು. ನಿದ್ದೆ ಬಿಟ್ಟ, ಊಟ ಬಿಟ್ಟ, ಯಾರೊಡನೆಯೂ ಮಾತಾಡದ ಹದಿಹರೆಯದವರು ನಮ್ಮ ಮನೆಗಳಲ್ಲಿದ್ದಾರೆ. ಅದು ಖಿನ್ನತೆಯೆಂಬ ಕಾಯಿಲೆಯೂ ಆಗಿರಬಹುದು. ಮಂತ್ರಿಸಿದ ನೀರಿಗಾಗಿ ಅಲೆಯುತ್ತಾ ಕಾಲಹರಣ ಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಸಲಹೆ ಪಡೆಯಲು ಹಣ ಬೇಕಾಗಿಲ್ಲ. ಪ್ರಾರ್ಥನೆಯೂ ಇರಲಿ, ಔಷಧಿಯೂ ಇರಲಿ. ಒಂಟೆಯನ್ನು ಕಟ್ಟಿಹಾಕಿ ಆ ಬಳಿಕ ಅಲ್ಲಾಹನಲ್ಲಿ ಭರವಸೆಯಿಡಬೇಕೆಂಬುದು ಪ್ರವಾದಿವರ್ಯರು(ಸ) ಕಲಿಸಿದ ಪಾಠ.

ಕೊನೆಯದಾಗಿ, ನಮ್ಮ ಈ ಮೊಹಲ್ಲಾದ ವಿಷಯ. 2022ರಲ್ಲಿ ಶಿರವಸ್ತ್ರದ ವಿವಾದವೆದ್ದು, ಮಾರ್ಚ್ 15ರಂದು ಉಚ್ಚ ನ್ಯಾಯಾಲಯ ಕೊಟ್ಟ ತೀರ್ಪು ನಮ್ಮ ಹೆಣ್ಣುಮಕ್ಕಳ ವಿರುದ್ಧ ಬಂತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದರು. ಆ ವರ್ಷ ಕೆಲವು ಹೆಣ್ಣುಮಕ್ಕಳು ಬೇರೆ ಕಾಲೇಜು ಸೇರಿದರು, ಕೆಲವರು ಖಾಸಗಿಯಾಗಿ ಪರೀಕ್ಷೆ ಬರೆದರು, ಕೆಲವರು ಮನೆಯಲ್ಲೇ ಉಳಿದರು. ನ್ಯಾಯಾಲಯದ ಹೋರಾಟವನ್ನು ಕಾನೂನು ಬಲ್ಲವರು ಮಾಡಲಿ. ಮನೆಯಲ್ಲಿ ಉಳಿದವರನ್ನು ಮರಳಿ ಓದಿಗೆ ಹಚ್ಚುವುದಕ್ಕೆ ಯಾವ ತೀರ್ಪೂ ಅಡ್ಡಿಯಾಗಿಲ್ಲ. ದೂರಶಿಕ್ಷಣವಿದೆ, ಖಾಸಗಿ ಅಭ್ಯರ್ಥಿಯಾಗಿ ಬರೆಯುವ ಅವಕಾಶವಿದೆ. ಆ ಹುಡುಗಿಯರು ತಮ್ಮ ಮೇಲೆ ನಂಬಿಕೆ ಕಳೆದುಕೊಂಡಿಲ್ಲ. ಪಿಯುಸಿಯ ಪುಸ್ತಕಗಳನ್ನು ಇಂದಿಗೂ ಕಪಾಟಿನಲ್ಲಿ ಜೋಡಿಸಿಟ್ಟವಳೊಬ್ಬಳನ್ನು ನಾವು ಕಂಡಿದ್ದೇವೆ.

ನಮ್ಮ ಮೊಹಲ್ಲಾದಲ್ಲಿ ಅಂತಹ ಐದು ಮನೆಗಳಿವೆ. ಎರಡು ಮನೆಗಳಲ್ಲಿ ತಂದೆಯಂದಿರು ಒಪ್ಪಿದ್ದಾರೆ. ಒಬ್ಬರು ಖಡಾಖಂಡಿತವಾಗಿ ನಿರಾಕರಿಸಿದರು, ಅವರಲ್ಲಿಗೆ ಮತ್ತೆ ಹೋಗಬೇಕಾಗಿದೆ. ಉಳಿದ ಎರಡು ಮನೆಗಳಿಗೆ ನಾಳೆ ಅಸರ್ ನಮಾಝಿನ ಬಳಿಕ ಹೊರಡುತ್ತಿದ್ದೇವೆ. ಸಹೋದರಿಯರಲ್ಲಿ ಇಬ್ಬರಾದರೂ ಜೊತೆಗೆ ಬಂದರೆ ತಾಯಂದಿರೊಡನೆ ಮಾತಾಡಲು ಅನುಕೂಲ. ಅರ್ಜಿ ನಮೂನೆಗಳು ಮದ್ರಸದ ಕಚೇರಿಯಲ್ಲಿವೆ.