ಕಾಸಿಲ್ಲದೆ ಮೂರು ದಿನ: ದೊಡ್ಡಮ್ಮನಿಗೆ ಕೆರೆಗಳ ಊರು ತೋರಿಸಿದ್ದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸವೇಶ್ವರನಗರದ ನನ್ನ ಸ್ಟುಡಿಯೋದಿಂದ ಮಾತಾಡ್ತಿದ್ದೀನಿ. ಸ್ಟುಡಿಯೋ ಅಂದ್ರೆ ದೊಡ್ಡದಾಗಿ ಕಲ್ಪಿಸ್ಕೋಬೇಡಿ. ಬಾಡಿಗೆ ಮನೆಯ ಮಲಗೋ ಕೋಣೆ, ಗೋಡೆಗೆ ಹಳೇ ಕಂಬಳಿ, ಒಂದು ಮೈಕು. ಮಧ್ಯೆ ಕುಕ್ಕರ್ ವಿಷಲ್ ಕೇಳಿಸಿದ್ರೆ ಅದು ಪಕ್ಕದ ಮನೆಯದ್ದು, ಕ್ಷಮಿಸಿ.

ಹೋದ ಸಂಚಿಕೆ ಆದ್ಮೇಲೆ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ರು. "ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ. ಮಾಲ್‌ಗೆ ಕರ್ಕೊಂಡು ಹೋದ್ರೆ ಅವರಿಗೆ ಬೇಜಾರು, ನನ್ನ ಜೇಬಿಗೂ ಭಾರ. ಖರ್ಚಿಲ್ಲದೆ ಬೆಂಗಳೂರು ತೋರಿಸೋಕೆ ಆಗುತ್ತಾ?" ಅಂತ. ಆಗುತ್ತೆ. ಕಳೆದ ಚಳಿಗಾಲದಲ್ಲಿ ನಾನೇ ಮೂರು ದಿನ ತೋರಿಸಿದ್ದೀನಿ. ಇವತ್ತು ಅದನ್ನೇ ಹೇಳ್ತೀನಿ. ನೋಟ್ ಮಾಡ್ಕೊಳ್ಳೋಕೆ ಜಾಗಗಳ ಹೆಸರೂ ಸಿಗುತ್ತೆ, ಜೊತೆಗೆ ನನ್ನದೊಂದು ವಿಷಯವೂ ಇದೆ. ಅದನ್ನ ಕೊನೆಗೆ ಹೇಳ್ತೀನಿ.

ತಿಪಟೂರು ಹತ್ತಿರದ ನಮ್ಮ ಹಳ್ಳಿಯಿಂದ ದೊಡ್ಡಮ್ಮ ಬಂದಿದ್ರು. ಕಣ್ಣಿನ ಆಪರೇಷನ್ ಆಗಿತ್ತು, ಚೆಕಪ್ ಇತ್ತು. ಡಾಕ್ಟರು ಎಲ್ಲಾ ಸರಿ ಇದೆ ಅಂದ್ರು. ನನಗೂ ಖುಷಿ. ದೊಡ್ಡಮ್ಮನಿಗೆ ಎರಡೂ ಕಣ್ಣು ಕಾಣಿಸ್ತಿದೆ, ಏನಾದ್ರೂ ದೊಡ್ಡದು ತೋರಿಸೋಣ ಅಂತ ಬಿಡದಿ ಕಡೆ ವಂಡರ್‌ಲಾಗೆ ಹೋಗೋಣ್ವಾ ಅಂದೆ. ಅವರು, "ಅಲ್ಲಿ ನೀರಲ್ಲಿ ಜಾರೋ ವಯಸ್ಸೇನೋ ನಂದು? ಕಾಸು ಕೊಡದೆ ನೋಡೋ ಜಾಗ ಇಲ್ವಾ ಈ ಊರಲ್ಲಿ? ಬೆಂಗಳೂರು ತುಂಬಾ ಕೆರೆ ಇತ್ತು ಅಂತಾರಲ್ಲ, ಅದನ್ನ ತೋರಿಸು" ಅಂದ್ರು. ಹಳ್ಳಿಯವರ ಜಿಪುಣತನ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ವಿಷಯ ಬೇರೆ ಇತ್ತು.

ಮೊದಲನೇ ದಿನ ಬೆಳಿಗ್ಗೆ ಆರೂವರೆಗೆ ಹೊರಟ್ವಿ. ಬಸ್ಸಲ್ಲಿ ದೊಡ್ಡಮ್ಮ ಆಧಾರ್ ಕಾರ್ಡ್ ತೋರಿಸಿದ್ರು, ಕಂಡಕ್ಟರ್ ಶೂನ್ಯ ಟಿಕೆಟ್ ಕೊಟ್ರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ, ನಿಮಗೆಲ್ಲ ಗೊತ್ತಿರೋದೇ. ಎಸಿ ಬಸ್ಸಿಗೆ ಅದು ನಡೆಯಲ್ಲ, ಹತ್ತೋ ಮುಂಚೆ ನೋಡ್ಕೊಳ್ಳಿ. ನಾನು ಮಾತ್ರ ದುಡ್ಡು ಕೊಟ್ಟೆ. "ನಿನ್ನ ಕರ್ಕೊಂಡು ಬಂದಿದ್ದೇ ನಷ್ಟ" ಅಂತ ದೊಡ್ಡಮ್ಮ ನಕ್ಕರು.

ಮೊದಲು ಸ್ಯಾಂಕಿ ಕೆರೆ. 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ್ದು. ಅದಕ್ಕೆ ಕೆಲವೇ ವರ್ಷ ಹಿಂದೆ, 1876ರಿಂದ 78ರವರೆಗೆ, ಈ ಸೀಮೆಯಲ್ಲಿ ಭೀಕರ ಬರ ಬಂದಿತ್ತು. ಊರಿಗೆ ನೀರು ಸಾಲದೆ ಹೋಗಬಾರದು ಅಂತ ಕಟ್ಟಿದ ಕೆರೆ ಇದು. ಪಕ್ಕದಲ್ಲಿ ಸರ್ಕಾರದ ಗಂಧದ ಮರದ ಡಿಪೋ ಇದ್ದಿದ್ದರಿಂದ ಗಂಧದಕೋಟಿ ಕೆರೆ ಅಂತಲೂ ಕರೀತಿದ್ರು. ನಾವು ಹೋದಾಗ ಯಾರೂ ಟಿಕೆಟ್ ಕೇಳಲಿಲ್ಲ. ವಾಕಿಂಗ್ ಮಾಡೋರು, ನಗೆಕೂಟದವರು, ನೀರುಕಾಗೆಗಳು, ಎಲ್ಲಾ ಇದ್ರು.

ನಾನು ಫೋಟೋ ತೆಗೀತಿದ್ದೆ. ದೊಡ್ಡಮ್ಮ ಸುತ್ತ ನೋಡಿ ಕೇಳಿದ್ರು: "ತೂಬು ಎಲ್ಲಿದೆ? ಕೋಡಿ ಯಾವ ಕಡೆ?" ನಾನು ತಬ್ಬಿಬ್ಬು. ಇಷ್ಟು ವರ್ಷ ಇಲ್ಲಿ ನಡೆದಿದ್ದೀನಿ, ಹೆಚ್ಚಾದ ನೀರು ಯಾವ ಕಡೆ ಹೋಗುತ್ತೆ ಅಂತ ಒಂದು ದಿನವೂ ಯೋಚಿಸಿಲ್ಲ. ದೊಡ್ಡಮ್ಮನಿಗೆ ಏರಿ, ತೂಬು, ಕೋಡಿ ಇದ್ರೇನೇ ಅದು ಕೆರೆ. ಇಲ್ದಿದ್ರೆ ಬರೀ ನೀರು ನಿಂತಿರೋ ಜಾಗ.

ಅಲ್ಲಿಂದ ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನ, ಎದುರಿಗೆ ನಂದಿ ತೀರ್ಥ. ಈ ನಂದಿ ತೀರ್ಥ ಮಣ್ಣಲ್ಲಿ ಮುಚ್ಚಿಹೋಗಿತ್ತು, 1997ರಲ್ಲಿ ಅಗೆದಾಗ ಹೊರಗೆ ಬಂತು. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಹೋಗುತ್ತೆ. ವೃಷಭಾವತಿಯ ಒಂದು ಕವಲು ಈ ಕಡೆಯಿಂದಲೇ ಹೊರಡುತ್ತೆ ಅಂತಾರೆ. ಇನ್ನೊಂದು ಬಸವನಗುಡಿಯ ದೊಡ್ಡ ಬಸವಣ್ಣನ ಹತ್ತಿರ ಹುಟ್ಟುತ್ತೆ ಅನ್ನೋದು ನಂಬಿಕೆ. ಆ ನೀರನ್ನ ದೊಡ್ಡಮ್ಮ ಕಣ್ಣಿಗೆ ಒತ್ಕೊಳ್ಳೋಕೆ ಹೋದ್ರು, ಆಪರೇಷನ್ ಆಗಿರೋ ಕಣ್ಣು ಅಂತ ನಾನು ಕೈ ಹಿಡ್ಕೊಂಡೆ. ತಲೆ ಮೇಲೆ ಹಾಕ್ಕೊಂಡ್ರು. ಸಂಜೆ ರಾಜಾಜಿನಗರದ ಇಸ್ಕಾನ್. ಬೆಟ್ಟದ ಮೇಲಿನ ಆ ದೇವಸ್ಥಾನವೂ 1997ರದ್ದೇ, ದರ್ಶನಕ್ಕೆ ದುಡ್ಡಿಲ್ಲ. ಮೆಟ್ಟಿಲು ಜಾಸ್ತಿ, ಮಂಡಿ ನೋವಿರೋರು ನಿಧಾನವಾಗಿ ಹತ್ತಿ.

ಎರಡನೇ ದಿನ ಮೆಜೆಸ್ಟಿಕ್. "ಇಲ್ಲಿ ಏನಿದೆ ನೋಡೋಕೆ?" ಅಂದ್ರು. "ದೊಡ್ಡಮ್ಮ, ನಾವೀಗ ಕೆರೆ ಒಳಗೇ ನಿಂತಿದ್ದೀವಿ" ಅಂದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋ ಜಾಗ ಹಿಂದೆ ಧರ್ಮಾಂಬುಧಿ ಕೆರೆ. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ. ಕೋರಮಂಗಲದ ಒಂದು ಕೆರೆಯ ಜಾಗ ನ್ಯಾಷನಲ್ ಗೇಮ್ಸ್ ವಿಲೇಜ್ ಆಯ್ತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣ ಆಯ್ತು. ಸಂಪಂಗಿ ಕೆರೆಯಲ್ಲಿ ಸಣ್ಣದೊಂದು ಹೊಂಡ ಉಳಿದಿದೆ, ಬೆಂಗಳೂರು ಕರಗದ ಪೂಜೆಗೆ ಇವತ್ತೂ ಅಲ್ಲಿಗೆ ಹೋಗ್ತಾರೆ. ದೊಡ್ಡಮ್ಮ ತುಂಬಾ ಹೊತ್ತು ಪ್ಲಾಟ್‌ಫಾರ್ಮ್ ನೋಡ್ತಾ ನಿಂತ್ರು. "ಮದುವೆ ಆದ ಹೊಸದರಲ್ಲಿ ಇಲ್ಲೇ ಇಳಿದಿದ್ದೆ ಕಣೋ. ಯಾರೂ ಹೇಳಲಿಲ್ಲ" ಅಂದ್ರು.

ಇಲ್ಲಿ ಒಂದು ನಿಮಿಷ ನನ್ನ ಬಿಕಾಂ ಬುದ್ಧಿ ಮಾತಾಡುತ್ತೆ, ಸಹಿಸ್ಕೊಳ್ಳಿ. ಲೆಕ್ಕದ ಪುಸ್ತಕದಲ್ಲಿ ಕೆರೆಯ ಜಾಗಕ್ಕೆ ಬೆಲೆ ಇದೆ, ಚದರಡಿಗೆ ಇಷ್ಟು ಅಂತ. ಕೆರೆಯ ನೀರಿಗೆ, ತಂಪಿಗೆ, ಬೋರ್‌ವೆಲ್‌ಗೆ ಇಳಿಯೋ ತೇವಕ್ಕೆ ಯಾವ ಕಾಲಂ ಇಲ್ಲ. ಬಿಟ್ಟಿ ಸಿಗೋದು ಲೆಕ್ಕಕ್ಕೆ ಬರಲ್ಲ, ಲೆಕ್ಕಕ್ಕೆ ಬರದೇ ಇರೋದನ್ನ ಮುಚ್ಚೋದು ಸುಲಭ. ಆದ್ರೆ ಬಿಲ್ ಆಮೇಲೆ ಬರುತ್ತೆ. 2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ ನಮ್ಮ ಬಿಲ್ಡಿಂಗ್‌ನವರೆಲ್ಲ ಟ್ಯಾಂಕರ್‌ಗೆ ದುಡ್ಡು ಹಾಕಿದ್ವಿ. ನಲ್ಲಿಗೆ ಬರೋ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಆಗಿ, ಈ ಎತ್ತರಕ್ಕೆ ಹತ್ತಿ ಬರಬೇಕು. ಬೆಂಗಳೂರಲ್ಲಿ ದೊಡ್ಡ ಹೊಳೆ ಇಲ್ಲ. ಅದಕ್ಕೇ ಹಿಂದಿನವರು ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗೋ ಹಾಗೆ ರಾಜಕಾಲುವೆ ಮಾಡಿ, ಕೆರೆ ಪಕ್ಕ ಕೆರೆ ಕಟ್ಟಿದ್ರು.

ಸರಿ, ಮೆಜೆಸ್ಟಿಕ್‌ನಿಂದ ಗವಿಪುರಕ್ಕೆ ಬಸ್ಸು. ಗವಿ ಗಂಗಾಧರೇಶ್ವರ ದೇವಸ್ಥಾನ ಬಂಡೆ ಕೊರೆದು ಮಾಡಿದ್ದು. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಅಂತ ದೊಡ್ಡ ಕಲ್ಲಿನ ಚಕ್ರಗಳಿವೆ. ಮಕರ ಸಂಕ್ರಾಂತಿ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತೆ. ಅವತ್ತು ಜನಜಾತ್ರೆ, ಉಳಿದ ದಿನ ಆರಾಮ. ಹತ್ತಿರದಲ್ಲೇ ಕೆಂಪಾಂಬುಧಿ ಕೆರೆ, ಅದರ ಪಕ್ಕ ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದು. ಬಾಕಿ ಮೂರು ಲಾಲ್‌ಬಾಗ್ ಬಂಡೆ, ಹಲಸೂರು ಮತ್ತು ಮೇಖ್ರಿ ಸರ್ಕಲ್ ಕಡೆ ಇವೆ. ನಾಲ್ಕನ್ನೂ ಒಂದೇ ದಿನ ನೋಡೋದು ಮಕ್ಕಳಿಗೆ ಒಳ್ಳೇ ಆಟ. ಕೆಂಪಾಂಬುಧಿಯಲ್ಲಿ ದೊಡ್ಡಮ್ಮ ಏರಿ ಮೇಲೆ ನಿಂತು, "ಇದು ಕೆರೆ ಕಣೋ" ಅಂದ್ರು. ಮಧ್ಯಾಹ್ನದ ಊಟ ಇಂದಿರಾ ಕ್ಯಾಂಟೀನ್‌ನಲ್ಲಿ. ಅದು ಪೂರ್ತಿ ಬಿಟ್ಟಿ ಅಲ್ಲ, ಆದ್ರೆ ಇಬ್ಬರ ಊಟಕ್ಕೆ ಕೈಗೆ ಬಂದ ಚಿಲ್ಲರೆ ಸಾಕಾಯ್ತು.

ಮೂರನೇ ದಿನ ಕೆಂಗೇರಿ ಕಡೆ. ನೇರಳೆ ಮೆಟ್ರೋ 2021ರ ಆಗಸ್ಟ್‌ನಿಂದ ಕೆಂಗೇರಿವರೆಗೂ ಓಡ್ತಿದೆ. ಇದಕ್ಕೆ ಮಾತ್ರ ಇಬ್ಬರಿಗೂ ಟಿಕೆಟ್. ನಾಯಂಡಹಳ್ಳಿ ಕಡೆ ಕಿಟಕಿಯಿಂದ ಕೆಳಗೆ ಕಪ್ಪು ನೀರು ಕಂಡು, "ಈ ಮೋರಿ ಎಷ್ಟು ದೊಡ್ಡದು!" ಅಂದ್ರು ದೊಡ್ಡಮ್ಮ. "ಅದು ವೃಷಭಾವತಿ. ಮೊನ್ನೆ ತಲೆಗೆ ಹಾಕ್ಕೊಂಡ್ರಲ್ಲ, ಅದೇ ನೀರು ಇಲ್ಲಿಗೆ ಬರೋ ಹೊತ್ತಿಗೆ ಹೀಗಾಗಿದೆ" ಅಂದೆ. ಇದು ಮುಂದೆ ಬೈರಮಂಗಲ ಕೆರೆ ದಾಟಿ ಅರ್ಕಾವತಿ ಸೇರಿ, ಕೊನೆಗೆ ಕಾವೇರಿಗೆ ಹೋಗುತ್ತೆ. ದೊಡ್ಡಮ್ಮ ಮಾತಾಡಲಿಲ್ಲ, ಮುಖ ತಿರುಗಿಸಲೂ ಇಲ್ಲ. ಬರೋ ಅತಿಥಿಗಳಿಗೆ ಇದನ್ನೂ ತೋರಿಸಿ ಅಂತ ನಾನು ಹೇಳ್ತೀನಿ. ನಮ್ಮ ಮನೆಗಳ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ಅಂತ ನಮಗೂ ಗೊತ್ತಾಗುತ್ತೆ.

ಕೆಂಗೇರಿಯಿಂದ ಬಸ್ಸಲ್ಲಿ ರಾಮೋಹಳ್ಳಿ ಹತ್ತಿರದ ದೊಡ್ಡ ಆಲದ ಮರ. ಸುಮಾರು 400 ವರ್ಷದ್ದು ಅಂತಾರೆ, ಮೂರು ಎಕರೆಯಷ್ಟು ಹರಡಿದೆ. ನಡುವಿನ ಮೂಲ ಕಾಂಡ ರೋಗ ಬಂದು ಹೋಯ್ತು, ಈಗಿರೋದೆಲ್ಲ ಬಿಳಲು ಇಳಿದು ಆದ ಕಾಂಡಗಳು. ಒಳಗೆ ಮುನೇಶ್ವರನ ಗುಡಿ ಇದೆ, ಕೋತಿಗಳೂ ಇವೆ. ತಿಂಡಿ ಚೀಲ ಭದ್ರ. ನಮ್ಮ ಎರಡು ಬಾಳೆಹಣ್ಣು ಹೋಯ್ತು.

ಸಂಜೆ ವಾಪಸ್ ಬರ್ತಾ ಮಲ್ಲತ್ತಹಳ್ಳಿ ಕೆರೆ. ಅಲ್ಲಿ ಬೆಂಚಲ್ಲಿ ಕೂತಿದ್ದಾಗ ದೊಡ್ಡಮ್ಮ ಕೇಳಿದ್ರು: "ಎರಡು ತಿಂಗಳು ಬಾಡಿಗೆ ಕೊಟ್ಟಿಲ್ವಂತೆ?"

ವಿಷಯ ಇಷ್ಟೇ. ನಾನು ಆಡಿಟ್ ಆಫೀಸ್ ಕೆಲಸ ಬಿಟ್ಟು ಈ ಪಾಡ್‌ಕಾಸ್ಟ್ ಶುರು ಮಾಡಿದ್ದು ಮನೇಲಿ ಗೊತ್ತು. ಚೆನ್ನಾಗಿ ನಡೀತಿದೆ ಅಂತ ಹೇಳಿಕೊಂಡು ಬಂದಿದ್ದೆ. ಆದ್ರೆ ಲೆಕ್ಕ ಬರೆಯೋ ಚಟ ಬಿಟ್ಟಿಲ್ಲವಲ್ಲ, ಅಡುಗೆಮನೆ ಕ್ಯಾಲೆಂಡರ್ ಮೇಲೆ "ಬಾಡಿಗೆ ಬಾಕಿ" ಅಂತ ತಿಂಗಳ ಸಮೇತ ಬರೆದಿಟ್ಟಿದ್ದೆ. ಬಂದ ಮೊದಲನೇ ರಾತ್ರಿ, ಹೊಸ ಕಣ್ಣಲ್ಲಿ ದೊಡ್ಡಮ್ಮ ಅದನ್ನ ಓದಿದ್ದಾರೆ. ಅದಕ್ಕೇ ವಂಡರ್‌ಲಾ ಬೇಡ ಅಂದಿದ್ದು. ಮೂರು ದಿನ ಒಂದು ಐಸ್‌ಕ್ರೀಮ್ ಕೂಡ ನನ್ನ ಕೈಲಿ ಕೊಡಿಸ್ಕೊಳ್ಳದೆ ಇದ್ದಿದ್ದೂ ಅದಕ್ಕೇ.

ನನಗೆ ಅಳು ಬಂತು, ಸುಳ್ಳು ಹೇಳಲ್ಲ. "ನಿಮಗೆ ಏನೂ ತೋರಿಸೋಕೆ ಆಗಲಿಲ್ಲ ದೊಡ್ಡಮ್ಮ" ಅಂದೆ. "ಏನು ತೋರಿಸಿಲ್ಲ? ಮೂರು ದಿನ ಕಾಲು ನೋಯೋ ಹಾಗೆ ನಡೆಸಿದೀಯ" ಅಂದ್ರು. ಆಮೇಲೆ, "ಕಷ್ಟ ಇರೋದು ತಪ್ಪಲ್ಲ. ನಿಮ್ಮಮ್ಮ ಫೋನಲ್ಲಿ ಎಲ್ಲರ ಹತ್ರ ನನ್ನ ಮಗ ಚೆನ್ನಾಗಿದ್ದಾನೆ ಅಂತ ಹೇಳ್ತಿದ್ದಾಳೆ. ಅವಳ ಕೈಲಿ ಸುಳ್ಳು ಹೇಳಿಸಬೇಡ. ಇವತ್ತೇ ಫೋನ್ ಮಾಡು" ಅಂದ್ರು.

ಅಲ್ಲೇ ಕೆರೆ ದಡದಲ್ಲಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಬೈದ್ರು, ಸುಮ್ಮನಾದ್ರು, ಊಟ ಮಾಡ್ತಿದೀಯಾ ಅಂತ ಕೇಳಿದ್ರು. ಈಗ ನಾನು ಅರ್ಧ ದಿನ ಒಂದು ಅಂಗಡಿಯ ಜಿಎಸ್‌ಟಿ ಲೆಕ್ಕ ನೋಡ್ತೀನಿ, ಅರ್ಧ ದಿನ ಇದು. ಬಾಡಿಗೆ ಬಾಕಿ ತೀರಿದೆ. ಸಂಚಿಕೆಗಳು ವಾರಕ್ಕೆ ಎರಡರ ಬದಲು ಒಂದೇ ಯಾಕೆ ಬರ್ತಿದೆ ಅಂತ ಕೇಳಿದವರಿಗೆ ಉತ್ತರವೂ ಇದೇ.

ಕೊನೆಗೆ ಕೆಲವು ಸಲಹೆ. ಮಧ್ಯಾಹ್ನ ಹಲವು ಕೆರೆಗಳ ಗೇಟ್ ಮುಚ್ಚಿರುತ್ತೆ, ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ನೀರಿನ ಬಾಟಲಿ ಮನೆಯಿಂದಲೇ ತಗೊಂಡು ಹೋಗಿ. ಶಕ್ತಿ ಬಸ್ಸಿಗೆ ಗುರುತಿನ ಚೀಟಿ ಮರೀಬೇಡಿ. ನಿಮ್ಮವರು ಬರೋ ದಿನ ನೀವೇ ಆರಿಸೋ ಹಾಗಿದ್ರೆ, ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆ, ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆ, ಚೈತ್ರದ ಹುಣ್ಣಿಮೆಗೆ ಕರಗ ಇರುತ್ತೆ. ನೋಡೋಕೆ ಯಾವುದಕ್ಕೂ ಕಾಸಿಲ್ಲ.

ನಿಮ್ಮ ಏರಿಯಾದ ಕೆರೆಗೆ ಹೋದಾಗ ತೂಬು, ಕೋಡಿ ಎಲ್ಲಿದೆ ಅಂತ ಹುಡುಕಿ. ಸಿಕ್ಕಿದ್ರೆ ವಾಯ್ಸ್ ನೋಟ್ ಕಳಿಸಿ, ದೊಡ್ಡಮ್ಮನಿಗೆ ಕೇಳಿಸ್ತೀನಿ. ಸ್ಯಾಂಕಿದು ಎಲ್ಲಿ ಅಂತ ಅವರು ಪ್ರತಿ ಫೋನಲ್ಲೂ ಕೇಳ್ತಿದ್ದಾರೆ. ಮುಂದಿನ ವಾರ ಸಿಗೋಣ. ನಮಸ್ಕಾರ.