ಕೀಲಿ ಕೈಗೆ ತೆಗೆದುಕೊಳ್ಳುವ ಮುನ್ನ

(ಹೊಸದಾಗಿ ಭಾರೀ ವಾಹನದ ಲೈಸೆನ್ಸ್ ಪಡೆದ ಲಾರಿ ಚಾಲಕರ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ನಾನು ಮೇಷ್ಟ್ರಾಗಿದ್ದವನು, ಲಾರಿ ಓಡಿಸಿದವನಲ್ಲ. "ಇವರೇನು ನಮಗೆ ಹೇಳುವುದು?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಕಿವಿಗೆ ಬಿತ್ತು. ನ್ಯಾಯವಾದ ಪ್ರಶ್ನೆಯೇ ಸರಿ. ನಾನು ಈಗ ಹೇಳಲಿರುವುದು ನನ್ನ ಸ್ವಂತ ಬುದ್ಧಿಯದಲ್ಲ. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದ ಹಿರಿಯ ಡ್ರೈವರುಗಳ ಪಕ್ಕದಲ್ಲಿ ಕೂತು, ಗ್ಯಾರೇಜುಗಳಲ್ಲಿ ನಿಂತು, ಕೇಳಿ ಬರೆದುಕೊಂಡದ್ದು. ಬರೆದುಕೊಳ್ಳುವುದೊಂದೇ ನನ್ನ ಕಸುಬು.

ಯಾಕೆ ಬರೆದುಕೊಂಡೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಹತ್ತಿರ ಏಳನೇ ತರಗತಿ ಓದಿದ ಹುಡುಗನೊಬ್ಬ ಕ್ಲೀನರಾಗಿ ಸೇರಿ, ಆಮೇಲೆ ಡ್ರೈವರಾದ. ಲೈಸೆನ್ಸ್ ಬಂದ ತಿಂಗಳಲ್ಲೇ ಒಂದು ಮಳೆಯ ರಾತ್ರಿ ರಸ್ತೆ ಬದಿಯಲ್ಲಿ ಟಯರು ಬದಲಾಯಿಸಲು ಹೋದ. ಜಾಕಿ ಹಸಿ ಮಣ್ಣಿನಲ್ಲಿ ಕುಸಿದು ವಾಲಿತು. ಬಲಗೈಯ ಎರಡು ಬೆರಳು ಹೋದವು. ಮಾಲೀಕ ಹೇಳಿದ್ದು ಒಂದೇ ಮಾತು: "ಅವನಿಗೆ ಜಾಕಿ ಇಡುವುದಕ್ಕೇ ಬರುವುದಿಲ್ಲ." ಆ ಜಾಕಿ ಆರು ತಿಂಗಳಿಂದ ಎಣ್ಣೆ ಸೋರುತ್ತಿತ್ತು ಎಂಬುದನ್ನು ಮಾಲೀಕ ಹೇಳಲಿಲ್ಲ. ನಾನು ಆ ಹುಡುಗನಿಗೆ ತ್ರಿಕೋಣದ ವಿಸ್ತೀರ್ಣ ಕಲಿಸಿದ್ದೆ. ಜಾಕಿಯ ಕೆಳಗೆ ಹಲಗೆ ಇಡಬೇಕೆಂದು ಕಲಿಸಿರಲಿಲ್ಲ. ಯಾರೂ ಕಲಿಸಿರಲಿಲ್ಲ. ಲೈಸೆನ್ಸಿನ ಪರೀಕ್ಷೆಯಲ್ಲಿ ಗಾಡಿ ಮುಂದೆ ಹೋಗುವುದನ್ನೂ ಹಿಂದೆ ಬರುವುದನ್ನೂ ನೋಡುತ್ತಾರೆ. ನಿಂತ ಗಾಡಿಯ ಜೊತೆ ಹೇಗೆ ಬದುಕಬೇಕು ಎಂಬುದನ್ನು ನೋಡುವುದಿಲ್ಲ.

ಆದ್ದರಿಂದ ಮೊದಲು ಜಾಕಿಯ ಮಾತು. ಗಾಡಿ ಸಮ ನೆಲದಲ್ಲಿ ನಿಲ್ಲಲಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಆದರೆ ಅದನ್ನೇ ನಂಬಬೇಡಿ. ಸಾಮಾನ್ಯವಾಗಿ ಅದು ಹಿಡಿಯುವುದು ಹಿಂದಿನ ಗಾಲಿಗಳನ್ನು. ಅದೇ ಗಾಲಿಯನ್ನು ನೀವು ನೆಲದಿಂದ ಎತ್ತಿದಾಗ ಆ ಬದಿಯ ಹಿಡಿತ ಹೋದಂತೆಯೇ. ಹಾಗಾಗಿ ನೆಲದ ಮೇಲೆ ಉಳಿದ ಗಾಲಿಗಳಿಗೆ ಹಿಂದೂ ಮುಂದೂ ಮರದ ತುಂಡು ಅಡ್ಡ ಕೊಡಿ. ಜಾಕಿಯ ಅಡಿಗೆ ಒಂದೂವರೆ ಅಡಿ ಉದ್ದದ ದಪ್ಪ ಹಲಗೆ ಇಡಿ. ನಟ್ಟುಗಳನ್ನು ಗಾಲಿ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ. ಎತ್ತಿದ ಗಾಡಿಯ ಅಡಿಗೆ ತಲೆ ಹಾಕಬೇಡಿ. ಹಾಕಲೇಬೇಕಾದರೆ ಆಕ್ಸಲಿನ ಕೆಳಗೆ ಗಟ್ಟಿ ಮರದ ದಿಮ್ಮಿಯ ಆಸರೆ ಕೊಟ್ಟೇ ಹೋಗಿ. ಜಾಕಿ ಎತ್ತುವ ಸಾಧನ, ಹೊತ್ತು ನಿಲ್ಲುವ ಸಾಧನವಲ್ಲ.

ನಟ್ಟು ಬಿಗಿಯುವಾಗ ಸುತ್ತ ಒಂದೊಂದಾಗಿ ಬಿಗಿಯಬೇಡಿ. ಒಂದನ್ನು ಬಿಗಿದ ಮೇಲೆ ಅದರ ಎದುರಿನದು, ಹೀಗೆ ಎದುರುಬದುರು ಬಿಗಿದರೆ ಗಾಲಿ ನೇರ ಕೂರುತ್ತದೆ. ಕೆಲವು ಹಳೆಯ ಲಾರಿಗಳಲ್ಲಿ ಎಡಗಡೆ ಗಾಲಿಯ ನಟ್ಟುಗಳ ಮರೆ ಉಲ್ಟಾ ಇರುತ್ತದೆ. ಅದು ತಿಳಿಯದೆ ಪೈಪು ಹಾಕಿ ಬಲ ಬಿಟ್ಟರೆ ಬೋಲ್ಟು ಮುರಿಯುತ್ತದೆ. ಐವತ್ತು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಿರಿ. ಇದನ್ನು ಮರೆತ ಗಾಡಿಗಳ ಗಾಲಿ ರಸ್ತೆಯಲ್ಲಿ ಬೇರೆಯಾಗಿ ಓಡಿದ್ದುಂಟು.

ಇನ್ನೊಂದು ಮಾತು, ಇದು ನಿಮ್ಮ ಜೀವದ್ದಲ್ಲ, ಪರರ ಜೀವದ್ದು. ಕೆಟ್ಟು ನಿಂತ ಗಾಡಿಯ ಹಿಂದೆ ಕಲ್ಲು, ಸೊಪ್ಪು ಇಟ್ಟು, ಕೆಲಸ ಮುಗಿದ ಮೇಲೆ ಅದನ್ನು ಅಲ್ಲೇ ಬಿಟ್ಟು ಹೋಗುವುದು ನಮ್ಮಲ್ಲಿ ರೂಢಿಯಾಗಿದೆ. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಹೋಗುವ ಮಿಲ್ಲಿನ ಕೆಲಸಗಾರ ಅದೇ ಕಲ್ಲಿಗೆ ಬಡಿಯುತ್ತಾನೆ. ಬೆಳಕು ಬಿದ್ದರೆ ಹೊಳೆಯುವ ಕೆಂಪು ತ್ರಿಕೋಣ ಗಾಡಿಯಲ್ಲಿ ಇರಬೇಕೆಂದು ನಿಯಮವೇ ಇದೆ. ಅದನ್ನು ಗಾಡಿಯ ಹಿಂದೆ ಕನಿಷ್ಠ ಎಂಬತ್ತು ಹೆಜ್ಜೆ ದೂರದಲ್ಲಿ ಇಡಿ. ತಿರುವು ಇದ್ದರೆ ತಿರುವಿಗೂ ಮೊದಲೇ ಇಡಿ. ಹೊರಡುವಾಗ ಎತ್ತಿಕೊಳ್ಳಿ.

ಇನ್ನು ಟಯರು. ಹಿಂದಿನ ಜೋಡಿ ಟಯರುಗಳಲ್ಲಿ ಒಳಗಿನದು ಕಣ್ಣಿಗೆ ಬೀಳುವುದಿಲ್ಲ. ಅದರ ಗಾಳಿ ಇಳಿದರೆ ಎರಡರ ಭಾರವನ್ನೂ ಹೊರಗಿನದೇ ಹೊರುತ್ತದೆ, ಕಾಯುತ್ತದೆ, ಸಿಡಿಯುತ್ತದೆ. ಬೆಳಿಗ್ಗೆ ಹೊರಡುವ ಮುನ್ನ ಪ್ರತಿಯೊಂದನ್ನೂ ರಾಡಿನಿಂದ ತಟ್ಟಿ ನೋಡಿ. ಸಂತೆಯಲ್ಲಿ ಮಡಕೆ ಕೊಳ್ಳುವ ನಮ್ಮ ತಾಯಂದಿರು ತಟ್ಟಿ ನೋಡುವುದಿಲ್ಲವೆ? ಹಾಗೆಯೇ. ಗಟ್ಟಿಯಿದ್ದರೆ ರಾಡು ಪುಟಿಯುತ್ತದೆ, ಮೆತ್ತಗಿದ್ದರೆ ದೊಪ್ಪೆನ್ನುತ್ತದೆ. ವಾರಕ್ಕೊಮ್ಮೆಯಾದರೂ ಟಯರು ತಣ್ಣಗಿರುವಾಗ ಗೇಜಿನಲ್ಲಿ ಅಳೆಯಿರಿ. ಓಡಿ ಕಾದ ಟಯರಿನಲ್ಲಿ ಒತ್ತಡ ಹೆಚ್ಚು ತೋರಿಸುವುದು ಸಹಜ. ಅದನ್ನು ನೋಡಿ ಗಾಳಿ ಬಿಡಬೇಡಿ. ಜೋಡಿ ಟಯರುಗಳ ನಡುವೆ ಕಲ್ಲು ಸಿಕ್ಕಿದ್ದರೆ ತೆಗೆಯಿರಿ. ಟಯರಿನ ಮೇಲಿನ ಗೆರೆಗಳ ಆಳ ೧.೬ ಮಿಲಿಮೀಟರಿಗಿಂತ ಕಡಿಮೆಯಾದರೆ ಆ ಟಯರು ರಸ್ತೆಗೆ ಲಾಯಕ್ಕಲ್ಲ. ರಿಂಗು ಹಾಕುವ ಗಾಲಿಗೆ ಗಾಳಿ ತುಂಬುವಾಗ ಅದರ ಎದುರಿಗೆ ನಿಲ್ಲಬೇಡಿ. ರಿಂಗು ಹಾರಿದರೆ ಗುಂಡಿನಂತೆ ಹಾರುತ್ತದೆ.

ಈಗ ಬ್ರೇಕು. ಎಲ್ಲರೂ ಒಮ್ಮೆ ಎರಡು ಅಂಗೈಗಳನ್ನು ಗಟ್ಟಿಯಾಗಿ ಉಜ್ಜಿ ನೋಡಿ. ಬಿಸಿಯಾಯಿತಲ್ಲ? ಬ್ರೇಕಿನ ಡ್ರಮ್ಮಿನೊಳಗೆ ಆಗುವುದೂ ಇದೇ. ಗಾಡಿಯ ವೇಗವನ್ನೆಲ್ಲ ಅದು ಬಿಸಿಯಾಗಿ ಮಾಡಿ ನುಂಗಬೇಕು. ವೇಗ ಎರಡು ಪಟ್ಟಾದರೆ ನುಂಗಬೇಕಾದದ್ದು ನಾಲ್ಕು ಪಟ್ಟು. ಶಿರಾಡಿಯಲ್ಲೋ ಅರಬೈಲು ಘಟ್ಟದಲ್ಲೋ ಉದ್ದಕ್ಕೂ ಬ್ರೇಕು ತುಳಿದುಕೊಂಡೇ ಇಳಿದರೆ ಲೈನರು ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದಾಗ ಅರ್ಧ ಬ್ರೇಕು ಆಗಲೇ ಹೋಗಿರುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಎಕ್ಸಾಸ್ಟ್ ಬ್ರೇಕ್ ಇದ್ದರೆ ಹಾಕಿ. ಗಾಡಿಯನ್ನು ಇಂಜಿನ್ನು ತಡೆಯಲಿ. ಕಾಲಿನ ಬ್ರೇಕು ಆಪತ್ತಿಗೆ ಉಳಿಯಲಿ.

ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರಿದ್ದಾರೆ. ಈಗಿನ ಇಂಜಿನ್ನುಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಹೋಗುವುದೇ ನಿಂತುಬಿಡುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ನು ಓಡುತ್ತಿರಲು ಡೀಸೆಲ್ ಬೇಕು. ಅಂದರೆ ಉಳಿತಾಯ ಎಂದುಕೊಂಡದ್ದೇ ಖರ್ಚು; ಮೇಲೆ ಪ್ರಾಣದ ಅಪಾಯ ಬೇರೆ. ಇಂಜಿನ್ನನ್ನೇ ಆರಿಸಿದರಂತೂ ಗಾಳಿ ತುಂಬುವ ಕಂಪ್ರೆಸರೂ ನಿಂತಿತು, ಸ್ಟಿಯರಿಂಗೂ ಕಲ್ಲಾಯಿತು.

ಏರ್ ಬ್ರೇಕಿನ ಗಾಡಿಯಲ್ಲಿ ಗಾಳಿಯೇ ನಿಮ್ಮ ಕಾಲಿನ ಬಲ. ಮುಳ್ಳು ಸರಿಯಾದ ಜಾಗಕ್ಕೆ ಏರಿ ಎಚ್ಚರಿಕೆಯ ಸದ್ದು ನಿಲ್ಲುವ ತನಕ ಗಾಡಿ ಕದಲಿಸಬೇಡಿ. ಆಮೇಲೆ ಇಂಜಿನ್ನು ಆರಿಸಿ, ಒಂದು ನಿಮಿಷ ಬ್ರೇಕು ತುಳಿದು ಹಿಡಿದು, ಮುಳ್ಳನ್ನು ನೋಡಿ. ಇಳಿಯುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ. ದಿನಕ್ಕೊಮ್ಮೆ ಗಾಳಿ ಟ್ಯಾಂಕಿನ ಅಡಿಯ ವಾಲ್ವ್ ತೆಗೆದು ನೀರು ಬಿಡಿ. ಆ ನೀರು ಒಳಗೆ ನಿಂತರೆ ವಾಲ್ವುಗಳಿಗೆ ತುಕ್ಕು ಹಿಡಿಯುತ್ತದೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ೨೦೨೦ರ ಏಪ್ರಿಲಿನಿಂದ ಬಂದ ಬಿಎಸ್-೬ ಗಾಡಿಗಳಲ್ಲಿ ಯೂರಿಯಾ ದ್ರವದ ಬೇರೆ ಟ್ಯಾಂಕು ಇರುತ್ತದೆ. ಅದಕ್ಕೆ ನೀರು ಹಾಕಬೇಡಿ, ಆ ದ್ರವವನ್ನು ಡೀಸೆಲ್ ಟ್ಯಾಂಕಿಗೂ ಹಾಕಬೇಡಿ. ಅದು ಬರಿದಾದರೆ ಗಾಡಿ ಎಳೆಯುವುದಿಲ್ಲ. ಹತ್ತಿ ಬೇಲು ಹೇರಿದ ದಿನ ಬೀಡಿ ದೂರವಿರಲಿ, ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿರಲಿ. ಹಗ್ಗ ಎಷ್ಟೇ ಬಿಗಿದಿದ್ದರೂ ಸರಕು ಕುಲುಕಿ ಕೂರುತ್ತದೆ. ಮೊದಲ ಇಪ್ಪತ್ತು, ಮೂವತ್ತು ಕಿಲೋಮೀಟರಿನಲ್ಲಿ ನಿಲ್ಲಿಸಿ ಹಗ್ಗವನ್ನೂ ಟಾರ್ಪಾಲನ್ನೂ ಮತ್ತೆ ನೋಡಿ.

ಈಗ ಸರಕಿನ ತೂಕದ ಮಾತಿಗೆ ಬರುತ್ತೇನೆ. ಇಲ್ಲಿ ಕೂತಿರುವ ವ್ಯಾಪಾರಿ ಮಿತ್ರರೂ ಕಿವಿಗೊಡಬೇಕು. ೨೦೧೮ರಲ್ಲಿ ಎರಡು ಆಕ್ಸಲಿನ ಲಾರಿಯ ಮಿತಿಯನ್ನು ೧೬.೨ ಟನ್ನಿನಿಂದ ೧೮.೫ ಟನ್ನಿಗೆ ಏರಿಸಿದರು. ಅದು ಸರಕಿನ ತೂಕವಲ್ಲ, ಗಾಡಿಯನ್ನೂ ಸೇರಿಸಿದ ತೂಕ. ಖಾಲಿ ಗಾಡಿಯೇ ೬ ಟನ್ ಇದ್ದರೆ ಸರಕಿಗೆ ಉಳಿಯುವುದು ಹನ್ನೆರಡೂವರೆ ಟನ್. ಐವತ್ತು ಕಿಲೋ ಚೀಲದ ಲೆಕ್ಕದಲ್ಲಿ ೨೫೦ ಚೀಲ. ನಿಮ್ಮ ಗಾಡಿಯ ಆರ್‌ಸಿಯಲ್ಲಿ ಎರಡು ತೂಕವೂ ಬರೆದಿರುತ್ತದೆ. ಅದೇ ಪ್ರಮಾಣ, ಅದನ್ನು ನೋಡಿ ಕಳೆಯಿರಿ. ಮುನ್ನೂರನೆಯ ಚೀಲ ಏರಿಸುವಾಗ ನೀವು ಏರಿಸುತ್ತಿರುವುದು ಬರೀ ಬಾಡಿಗೆಯನ್ನಲ್ಲ. ನಾನು ಈಗ ಹೇಳಿದ ಟಯರು, ಬ್ರೇಕು, ಜಾಕಿ, ಎಲ್ಲದರ ಲೆಕ್ಕ ಅಲ್ಲಿಗೆ ತಪ್ಪುತ್ತದೆ.

೨೦೧೯ರ ತಿದ್ದುಪಡಿಯಾದ ಮೇಲೆ ಕೇಂದ್ರದ ಮೋಟಾರು ವಾಹನ ಕಾಯಿದೆಯಲ್ಲಿ ಹೆಚ್ಚು ಭಾರಕ್ಕೆ ಬರೆದಿರುವ ದಂಡ ೨೦,೦೦೦ ರೂಪಾಯಿ, ಮೇಲೆ ಪ್ರತಿ ಟನ್ನಿಗೆ ೨,೦೦೦. ಆದರೆ ಕಾಯಿದೆ ಹೇಳುವುದು ಓಡಿಸಿದವನನ್ನು ಮಾತ್ರವಲ್ಲ. ಓಡಿಸುವಂತೆ ಮಾಡಿದವನೂ, ಓಡಿಸಲು ಬಿಟ್ಟವನೂ ಅದರಲ್ಲಿ ಸೇರಿದ್ದಾನೆ. ರಸ್ತೆಯಲ್ಲಿ ಕೈ ಅಡ್ಡ ಹಿಡಿದಾಗ ಸಿಗುವವನು ಡ್ರೈವರೊಬ್ಬನೇ. ಓಡಿಸುವಂತೆ ಮಾಡಿದವರು ಗದ್ದುಗೆಯ ಮೇಲೆ ಕೂತಿರುತ್ತಾರೆ. ಆದ್ದರಿಂದ ತೂಕದ ಚೀಟಿಯನ್ನು ಫೋನಿನಲ್ಲಿ ಚಿತ್ರ ತೆಗೆದು ಇಟ್ಟುಕೊಳ್ಳಿ. "ಇಷ್ಟು ಹೇರಿ" ಎಂದು ಬಾಯಲ್ಲಿ ಹೇಳುವವರಿಗೆ "ಮೆಸೇಜಿನಲ್ಲಿ ಬರೆದು ಕಳಿಸಿ, ಸ್ವಾಮಿ" ಅನ್ನಿ. ಬರೆಯುವುದಕ್ಕೆ ಬಹಳ ಜನಕ್ಕೆ ಕೈ ಬರುವುದಿಲ್ಲ.

ಕೊನೆಯ ಉಪಕರಣ ಒಂದಿದೆ. ಅದು ಪೆಟ್ಟಿಗೆಯಲ್ಲಿಲ್ಲ, ಸೀಟಿನ ಮೇಲಿದೆ. ಅದು ನೀವೇ. ಮೋಟಾರು ಸಾರಿಗೆ ಕೆಲಸಗಾರರಿಗೆ ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆ ದುಡಿಮೆ ಎಂದು ೧೯೬೧ರಲ್ಲೇ ಕಾನೂನು ಮಾಡಿದರು. ಬಿಸಿಲಲ್ಲಿ ಬೇಯುವ ಕ್ಯಾಬಿನ್ನಿಗೆ ತಂಪು ಗಾಳಿ ಬೇಕೆಂಬುದು ಸರ್ಕಾರಕ್ಕೆ ಹೊಳೆದದ್ದು ೨೦೨೩ರಲ್ಲಿ. ೨೦೨೫ರ ಅಕ್ಟೋಬರ್ ೧ರಿಂದ ತಯಾರಾಗುವ ಲಾರಿಗಳಿಗೆ ಅದನ್ನು ಕಡ್ಡಾಯ ಮಾಡಿ ಆದೇಶ ಹೊರಡಿಸಿದರು. ಒಳ್ಳೆಯದೇ. ಆದರೆ ತಂಪು ಗಾಳಿ ನಿದ್ದೆಯ ಬದಲಿಗೆ ಆಗುವುದಿಲ್ಲ. ಕಾದ ಇಂಜಿನ್ನಿಗೆ ವಿರಾಮ ಕೊಡುವ ಮಾಲೀಕ ಕೆಂಪೇರಿದ ಕಣ್ಣಿಗೂ ಕೊಡಬೇಕು. ಕೊಡದಿದ್ದರೆ ನೀವೇ ಪಕ್ಕಕ್ಕೆ ಹಾಕಿ ಒಂದು ಗಂಟೆ ಮಲಗಿ. ತಡವಾಗಿ ತಲುಪಿದ್ದಕ್ಕೆ ಬೈಸಿಕೊಳ್ಳುವುದು ಮೇಲು.

ಹಾಗಾದರೆ ನಾಳೆ ಬೆಳಿಗ್ಗೆ ಮಾಡಬೇಕಾದದ್ದೇನು? ಒಂದು ಕಾಗದ ತೆಗೆದುಕೊಳ್ಳಿ. ಸೋರದ ಜಾಕಿ ಒಂದು, ಹಲಗೆ ಒಂದು, ಗಾಲಿಗೆ ಕೊಡುವ ಮರದ ತುಂಡು ನಾಲ್ಕು, ಗಾಲಿ ಪಾನಾ ಮತ್ತು ಪೈಪು, ಗಾಳಿ ತುಂಬಿದ ಸ್ಟೆಪ್ನಿ, ಗಾಳಿಯ ಗೇಜು, ಎರಡು ತ್ರಿಕೋಣ, ಟಾರ್ಚು, ಫ್ಯಾನ್ ಬೆಲ್ಟು, ಬಲ್ಬು, ಫ್ಯೂಸು, ಬೆಂಕಿಯ ಸಿಲಿಂಡರು, ಔಷಧದ ಪೆಟ್ಟಿಗೆ, ಕುಡಿಯುವ ನೀರು ಎಂದು ಬರೆಯಿರಿ. ಕೀಲಿ ಕೈಗೆ ತೆಗೆದುಕೊಳ್ಳುವ ಮುನ್ನ ಮಾಲೀಕರ ಎದುರಿಗೆ ಒಂದೊಂದನ್ನೂ ಮುಟ್ಟಿ ನೋಡಿ. ಇಲ್ಲದ್ದನ್ನು "ಇಲ್ಲ" ಎಂದು ಬರೆದು ಅವರ ರುಜು ಕೇಳಿ. ಒಬ್ಬನೇ ಕೇಳಿದರೆ "ನಾಳೆಯಿಂದ ಬರಬೇಡ" ಅಂದಾರು. ಸ್ಟ್ಯಾಂಡಿನ ನಲವತ್ತು ಜನವೂ ಅದೇ ಕಾಗದ ಹಿಡಿದು ಕೇಳಿದರೆ ನಲವತ್ತು ಜನರನ್ನು ಬರಬೇಡ ಅನ್ನಲಾಗದು.

ನನ್ನ ಆ ಹುಡುಗ ಈಗಲೂ ಗಾಡಿ ಓಡಿಸುತ್ತಾನೆ, ಮೂರು ಬೆರಳಿನ ಕೈಯಲ್ಲಿ. ಹೋದ ಸಲ ಸಿಕ್ಕಾಗ ಸೀಟಿನ ಹಿಂದಿನಿಂದ ಒಂದು ಹಲಗೆ ತೆಗೆದು ತೋರಿಸಿದ. "ನನ್ನ ಸ್ವಂತದ್ದು, ಸಾರ್" ಅಂದ. ಆ ಹಲಗೆಗೆ ಎಷ್ಟು ದುಡ್ಡು? ಯಾವುದಾದರೂ ಮರದ ಅಂಗಡಿಯಲ್ಲಿ ಕೇಳಿದರೆ ಬಿಟ್ಟಿಯಾಗಿಯೇ ಕೊಟ್ಟಾರು. ನೀವು ಅದನ್ನು ಬೆರಳು ಕೊಟ್ಟು ಕೊಳ್ಳಬೇಡಿ ಎಂಬುದಷ್ಟೇ ನನ್ನ ಮಾತು.