ಲ್ಯಾಪ್‌ಟಾಪ್ ಫ್ಯಾನ್ ಕಲಿಸಿದ ಪಾಠ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



‘ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ’ ಎಂದು ಮೇಷ್ಟ್ರು ಫೋನ್ ಮಾಡಿದ್ದರು. ಕೃತಕ ಬುದ್ಧಿಮತ್ತೆಯ ವಿಷಯ ಹೇಳುತ್ತೇನೆಂದು ನೀವು ಕಾದಿರಬಹುದು. ಆದರೆ ನಾನು ಹೇಳಹೊರಟಿರುವುದು ಒಂದು ಫ್ಯಾನಿನ ಕಥೆ. ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಅಂಗೈಗಿಂತ ಚಿಕ್ಕದೊಂದು ಫ್ಯಾನ್ ಇರುತ್ತದೆ. ಅದರ ಕಥೆ.

ನಾನು ಇಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ್ದು 2005ರಲ್ಲಿ. ಆಗ ಕಂಪ್ಯೂಟರ್ ಕೊಠಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಹೋಗಬೇಕಿತ್ತು. ಪಾಠ ಮುಗಿದ ಮೇಲೆ ಪ್ರತಿ ಕಂಪ್ಯೂಟರಿಗೂ ಬಟ್ಟೆ ಹೊದಿಸಬೇಕಿತ್ತು. ‘ಇದೇನು ದೇವರ ಕೋಣೆನಾ?’ ಎಂದು ನಾವು ಮರೆಯಲ್ಲಿ ನಗುತ್ತಿದ್ದೆವು. ನಗಬಾರದಿತ್ತು ಎಂದು ತಿಳಿಯಲು ನನಗೆ ಹದಿನೈದು ವರ್ಷ ಬೇಕಾಯಿತು.

ನಮ್ಮಪ್ಪನದು ಹಿಟ್ಟಿನ ಮಿಲ್ಲು. ಇಲ್ಲಿರುವ ಎಷ್ಟೋ ಜನ ಅಲ್ಲಿಗೆ ರಾಗಿ ಹೊತ್ತು ತಂದವರೇ. ಮೂವತ್ತು ವರ್ಷ ಆ ಸದ್ದಿನ ಪಕ್ಕದಲ್ಲೇ ನಿಂತು ಅಪ್ಪನ ಕಿವಿ ಮಂದವಾಗಿದೆ. ಮಿಲ್ಲಿಗೂ ಮನೆಗೂ ನಡುವೆ ಒಂದೇ ಗೋಡೆ. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆದಾಗ ನಾನು ಬೆಂಗಳೂರು ಬಿಟ್ಟು ಊರಿಗೆ ಬಂದೆ. ಗೋಡೆಯ ಈಚೆಗಿನ ಕೋಣೆಯೇ ನನ್ನ ಆಫೀಸಾಯಿತು. ಹಾಸಿಗೆಯೇ ಮೇಜು.

ಎರಡು ತಿಂಗಳಾಗುವಷ್ಟರಲ್ಲಿ ಲ್ಯಾಪ್‌ಟಾಪ್ ಭೋರೆಂದು ಕೂಗತೊಡಗಿತು. ಮೀಟಿಂಗಿನಲ್ಲಿ ಮೈಕ್ ಆನ್ ಮಾಡಿದರೆ ಸಾಕು, ‘ಅದೇನ್ರೀ ಹಿಂದೆ ಸದ್ದು?’ ಎಂಬ ಪ್ರಶ್ನೆ. ‘ಪಕ್ಕದಲ್ಲಿ ಮಿಲ್ಲಿದೆ ಸರ್’ ಎಂದು ಅಪ್ಪನ ತಲೆಗೆ ಕಟ್ಟಿ ನಾನು ಪಾರಾಗುತ್ತಿದ್ದೆ. ಆದರೆ ಯಂತ್ರವೂ ದಿನೇ ದಿನೇ ನಿಧಾನವಾಯಿತು. ಆಗ ನಾನಿದ್ದದ್ದು ಗುತ್ತಿಗೆ ಕೆಲಸದಲ್ಲಿ. ಲ್ಯಾಪ್‌ಟಾಪ್ ನನ್ನದೇ, ವಾರಂಟಿ ಮುಗಿದಿತ್ತು. ಜೂನ್ ಕೊನೆಗೆ ಗುತ್ತಿಗೆ ಮುಂದುವರಿಯಬೇಕಿತ್ತು. ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯದಿದ್ದರೆ ಅದೂ ಇಲ್ಲ.

ನಾನು ಬಿ.ಇ. ಓದಿದವನು. ನನಗೆ ತಿಳಿದ ದಾರಿಯಲ್ಲೇ ಹೋದೆ. ಯಾವ ಪ್ರೋಗ್ರಾಂ ಪ್ರೊಸೆಸರನ್ನು ಹೆಚ್ಚು ದುಡಿಸುತ್ತಿದೆ ಎಂದು ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದೆ. ಬ್ರೌಸರಿನಲ್ಲಿ ತೆರೆದಿದ್ದ ನಲವತ್ತು ಪುಟ ಮುಚ್ಚಿದೆ. ಇದು ತಪ್ಪಲ್ಲ, ಯಾರಾದರೂ ಮೊದಲು ಮಾಡಬೇಕಾದ್ದೇ ಇದು. ಆದರೆ ಏನೂ ಓಡಿಸದೆ ಸುಮ್ಮನೆ ಇಟ್ಟರೂ ಸದ್ದು ನಿಲ್ಲಲಿಲ್ಲ. ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ‘ಫ್ಯಾನ್ ಹೋಗಿದೆ, ಹೊಸದು ಹಾಕಬೇಕು, ಬರುವುದಕ್ಕೆ ಎರಡು ವಾರ ಆಗುತ್ತೆ’ ಎಂದರು.

ಅವತ್ತು ಸಂಜೆ ಮಿಲ್ಲು ನಿಲ್ಲಿಸಿ ಬಂದ ಅಪ್ಪ ನನ್ನ ಮುಖ ನೋಡಿ ‘ಏನಾಯ್ತೋ?’ ಎಂದರು. ‘ನಿನಗೆ ಗೊತ್ತಾಗಲ್ಲ ಬಿಡಪ್ಪ’ ಎಂದೆ. ಪಿಯುಸಿಯಿಂದಲೂ ಅಪ್ಪನಿಗೆ ನಾನು ಹೇಳುತ್ತಾ ಬಂದ ಮಾತು ಅದು. ಅಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಹತ್ತಿರ ಬಂದು ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟರು. ಕಿವಿ ಕೇಳಿಸದ ಮೇಲೆ ಮಿಲ್ಲನ್ನೂ ಅವರು ಹಾಗೆಯೇ ಮುಟ್ಟಿ ನೋಡುತ್ತಿದ್ದರು. ಆಮೇಲೆ ಪಕ್ಕದ ಗಾಳಿ ಕಿಂಡಿಗೆ ಬೆರಳು ಹಿಡಿದರು. ‘ಕರಕರ ಅಂತೈತಾ, ಬರೀ ಭೋರ್ ಅಂತೈತಾ?’ ಎಂದು ನನ್ನನ್ನೇ ಕೇಳಿದರು. ‘ಭೋರ್ ಅಂತಿದೆ’ ಎಂದೆ. ‘ಹಂಗಾದ್ರೆ ಬೇರಿಂಗ್ ಹೋಗಿಲ್ಲ ಕಣಪ್ಪ, ಕೈಗೂ ಅದುರ್ತಿಲ್ಲ. ಇಷ್ಟು ಜೋರಾಗಿ ತಿರುಗ್ತೈತೆ, ಗಾಳಿ ಮಾತ್ರ ಆಚೆ ಬರ್ತಿಲ್ಲ. ಉಸಿರು ಕಟ್ಟೈತೆ’ ಎಂದರು.

ಮಕ್ಕಳೇ, ಇದಕ್ಕಿಂತ ಸರಿಯಾಗಿ ಯಾವ ಎಂಜಿನಿಯರೂ ಹೇಳಲಾರ. ಒಳಗೆ ಏನಾಗುತ್ತದೆ ಎಂದು ಹೇಳುತ್ತೇನೆ ಕೇಳಿ. ಪ್ರೊಸೆಸರಿನ ಮೇಲೆ ಒಂದು ತಾಮ್ರದ ಕೊಳವೆ ಇರುತ್ತದೆ. ಅದರೊಳಗೆ ಸ್ವಲ್ಪ ದ್ರವ. ಬಿಸಿಯ ತುದಿಯಲ್ಲಿ ಅದು ಆವಿಯಾಗುತ್ತದೆ, ಇನ್ನೊಂದು ತುದಿಗೆ ಹೋಗಿ ಶಾಖ ಬಿಟ್ಟು ಮತ್ತೆ ದ್ರವವಾಗಿ ಹಿಂತಿರುಗುತ್ತದೆ. ವಿಜ್ಞಾನದಲ್ಲಿ ಗುಪ್ತೋಷ್ಣ ಎಂದು ಓದುತ್ತೀರಲ್ಲ, ಅದೇ. ಆ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ತೆಳ್ಳನೆಯ ಲೋಹದ ರೆಕ್ಕೆಗಳಿವೆ. ಅವುಗಳ ನಡುವೆ ಗಾಳಿ ತೂರಿಸಿ ಶಾಖವನ್ನು ಹೊರದಬ್ಬುವುದೇ ಫ್ಯಾನಿನ ಕೆಲಸ. ಆ ಸಂದು ಮುಚ್ಚಿದರೆ ಶಾಖ ಒಳಗೇ ಉಳಿಯುತ್ತದೆ, ಫ್ಯಾನ್ ಇನ್ನೂ ಜೋರಾಗಿ ತಿರುಗುತ್ತದೆ. ಆದರೂ ತಣಿಯದೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ನನ್ನ ಕೆಲಸ ನಿಧಾನವಾಗಿದ್ದು ಅದಕ್ಕೇ. ಪಾಪ, ಫ್ಯಾನು ಕೆಟ್ಟಿರಲಿಲ್ಲ. ಇಡೀ ಯಂತ್ರದಲ್ಲಿ ಹೆಚ್ಚು ದುಡಿಯುತ್ತಿದ್ದದ್ದೇ ಅದು.

ರಾತ್ರಿ ಊಟ ಮುಗಿಸಿ ಇಬ್ಬರೂ ಕೂತೆವು. ನಾನು ಅದುವರೆಗೆ ಒಂದು ಲ್ಯಾಪ್‌ಟಾಪನ್ನೂ ಬಿಚ್ಚಿದವನಲ್ಲ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದೆ. ಅಪ್ಪ ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಅದರದರ ಜಾಗದಲ್ಲೇ ಇಟ್ಟರು. ಉದ್ದದ ಸ್ಕ್ರೂ ಗಿಡ್ಡ ಸ್ಕ್ರೂವಿನ ತೂತಿಗೆ ಹೋದರೆ ಒಳಗಿನ ಬೋರ್ಡೇ ಹಾಳಾಗಬಹುದು. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಫ್ಯಾನ್ ಬೇರೆಯಾಗಿಯೇ ಬಿಚ್ಚಿಬಂತು. ತಾಮ್ರದ ಕೊಳವೆಯನ್ನು ಮುಟ್ಟಲಿಲ್ಲ. ಅದನ್ನು ಕಿತ್ತರೆ ಅದರ ಕೆಳಗಿನ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು, ನನ್ನ ಬಳಿ ಪೇಸ್ಟ್ ಇರಲಿಲ್ಲ.

ಫ್ಯಾನ್ ಎತ್ತಿದಾಗ ಕಂಡದ್ದು ರೆಕ್ಕೆಗಳಿಗೆ ಅಡ್ಡವಾಗಿ ಕಂಬಳಿಯಂತೆ ಹೆಪ್ಪುಗಟ್ಟಿದ ಧೂಳು. ಹಾಸಿಗೆಯ ನೂಲು, ಅದರ ಮೇಲೆ ರಾಗಿ ಹಿಟ್ಟು. ಅಪ್ಪ ಅದನ್ನು ಚಿಮಟದಲ್ಲಿ ಹಿಡಿದೆತ್ತಿ ‘ನಮ್ಮ ಮಿಲ್ಲಿಂದೇ’ ಎಂದು ನಕ್ಕರು. ಮಿಲ್ಲಿನ ಬ್ಲೋವರ್ ತರಲು ಎದ್ದವರನ್ನು ನಾನೇ ತಡೆದೆ. ಅಷ್ಟು ರಭಸದ ಗಾಳಿಗೆ ಫ್ಯಾನು ಮಿತಿಮೀರಿ ತಿರುಗಿದರೆ ಇಲ್ಲದ ಬೇರಿಂಗ್ ತೊಂದರೆ ಬರುತ್ತದೆ. ಎಸಳುಗಳನ್ನು ಬೆರಳಲ್ಲಿ ಹಿಡಿದು, ಒಣಗಿದ ಪೇಂಟ್ ಬ್ರಷ್ಷಿನಿಂದ ಮೆಲ್ಲಗೆ ಒರೆಸಿದೆವು. ಎಣ್ಣೆ ಬಿಡಲಿಲ್ಲ. ‘ಸದ್ದೆಲ್ಲ ಎಣ್ಣೆ ಕೇಳಲ್ಲ’ ಎಂದದ್ದೂ ಅಪ್ಪನೇ.

ಮತ್ತೆ ಜೋಡಿಸಿ ಆನ್ ಮಾಡಿದೆ. ಸದ್ದಿಲ್ಲ. ಕೆಟ್ಟೇ ಹೋಯಿತೇನೋ ಎಂದು ನನಗೆ ಎದೆ ಧಸಕ್ಕೆಂದಿತು. ಅಪ್ಪ ಕಿಂಡಿಗೆ ಬೆರಳು ಹಿಡಿದು ‘ಬರ್ತೈತೆ’ ಎಂದರು. ಅರ್ಧ ಗಂಟೆ ಕೆಲಸ ಮಾಡಿ ನೋಡಿದೆ. ಮೊದಲು 95 ಡಿಗ್ರಿ ತೋರಿಸುತ್ತಿದ್ದದ್ದು 70ರ ಮೇಲೆ ಹೋಗಲಿಲ್ಲ. ಖರ್ಚು ಒಂದು ರೂಪಾಯಿಯೂ ಇಲ್ಲ. ಜೂನ್ ಕೊನೆಗೆ ಗುತ್ತಿಗೆಯೂ ಮುಂದುವರಿಯಿತು.

ಮರುದಿನದಿಂದ ಹಾಸಿಗೆ ಬಿಟ್ಟು ಮರದ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಕೆಲಸ ಮುಗಿದ ಮೇಲೆ, ಅದು ತಣ್ಣಗಾದ ಬಳಿಕ, ಒಂದು ಬಟ್ಟೆ ಹೊದಿಸಿದೆ. ಹೊದಿಸುವಾಗ ಈ ಶಾಲೆಯ ಕಂಪ್ಯೂಟರ್ ಕೊಠಡಿ, ಬಾಗಿಲಲ್ಲಿ ಸಾಲಾಗಿ ಬಿಟ್ಟ ಚಪ್ಪಲಿ ನೆನಪಾದವು.

ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ಎರಡು ಶನಿವಾರ ಕಂಪ್ಯೂಟರ್ ಕೊಠಡಿಯನ್ನು ನನಗೆ ಬಿಟ್ಟುಕೊಡಿ. ಬ್ರಷ್ಷು, ಸ್ಕ್ರೂಡ್ರೈವರ್ ನಾನು ತರುತ್ತೇನೆ. ಬಿಚ್ಚುವವರು ಒಂಬತ್ತನೇ ತರಗತಿಯ ಮಕ್ಕಳೇ ಆಗಲಿ. ಸ್ಕ್ರೂ ಜೋಡಿಸಿಡುವುದನ್ನು ಕಲಿಸಲು ಅಪ್ಪ ಬರಲು ಒಪ್ಪಿದ್ದಾರೆ.

ಅಪ್ಪ ಅಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದಾರೆ. ನಾನು ಹೇಳಿದ್ದು ಅವರಿಗೆ ಅಷ್ಟಾಗಿ ಕೇಳಿಸಿರಲಾರದು. ಸಂಚಿಕೆಗೆ ಭಾಷಣ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ತಕ್ಷಣ ಒಪ್ಪಿದ್ದು ಅದಕ್ಕೇ. ಅಪ್ಪ ಓದಿಕೊಳ್ಳಲಿ.